ಮಂತ್ರಿಯನ್ನು ಕೊಡುವ ಲೆಕ್ಕ

ಚದುರಂಗದ ಸಮಸ್ಯೆಗಳನ್ನು ಬಿಡಿಸುವ ಚಪಲ ನನಗೆ ವಿದ್ಯಾರ್ಥಿದೆಸೆಯಿಂದಲೂ ಉಂಟು. ಅವುಗಳಲ್ಲಿ ಒಂದನ್ನು ಇಂದಿಗೂ ಆಗಾಗ ಮಣೆಯ ಮೇಲೆ ಹೂಡಿ ನೋಡುತ್ತೇನೆ. ಅದರ ಮೇಲಿನ ಒಕ್ಕಣೆ: ‘ಬಿಳಿಯ ನಡೆ, ಎರಡೇ ನಡೆಗಳಲ್ಲಿ ಷಹಮಾತ್.’

ಇದು ಕಲ್ಪಿತ ಸಮಸ್ಯೆಯಲ್ಲ. 1858ರಲ್ಲಿ, ಪ್ಯಾರಿಸ್ಸಿನ ಆಪೆರಾ ಮಂದಿರದಲ್ಲಿ, ಅಮೆರಿಕದ ಪಾಲ್ ಮಾರ್ಫಿ ಎಂಬ 21 ವರ್ಷದ ತರುಣ ಆಡಿದ ಆಟದ ಕೊನೆ. ಎದುರಿಗೆ ಕುಳಿತು ಕೂಡಿ ಆಲೋಚಿಸಿ ಆಡಿದವರು ಇಬ್ಬರು, ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸುವಾರ್.

ಕರಿಯ ರಾಜ ತನ್ನ ಮೊದಲ ಮನೆಯಲ್ಲೇ ಇದ್ದಾನೆ. ಒಂದು ಪಕ್ಕದಲ್ಲಿ ಅವನದೇ ಒಂಟೆ, ಅದರ ಮುಂದೆ ಅವನದೇ ಕಾಲಾಳು. ರಾಜನ ನೇರ ಮುಂದಿನ ಮನೆಯನ್ನು ಬಿಳಿಯ ಒಂಟೆ ದೂರದಿಂದಲೇ ಕಾಯುತ್ತಿದೆ. ಇನ್ನೊಂದು ಪಕ್ಕದ ಮನೆಗೆ ನೇರವಾಗಿ ಗುರಿಯಿಟ್ಟು ಬಿಳಿಯ ಆನೆ ನಿಂತಿದೆ. ಆದರೆ ಕರಿಯ ಕುದುರೆಯೊಂದು ಬಾಗಿಲಿನ ಅಗುಳಿಯಂತೆ ಅದರ ದಾರಿಗೆ ಅಡ್ಡವಾಗಿದೆ.

ಆ ಕುದುರೆಯನ್ನು ಹೊಡೆಯುವುದು ಹೇಗೆಂದು ನಾನು ಬಹುಹೊತ್ತು ಚಿಂತಿಸಿದೆ. ಮಾರ್ಫಿ ಅದನ್ನು ಹೊಡೆಯಲಿಲ್ಲ, ಕರೆದ! ಪಶ್ಚಿಮದವರು ರಾಣಿಯೆನ್ನುವ ಮಂತ್ರಿಯನ್ನು ಕರಿಯನ ಕೊನೆಯ ಸಾಲಿಗೆ ಕಳಿಸಿ ಷಹ ಕೊಟ್ಟ. ಕುದುರೆ ಅದನ್ನು ಹೊಡೆಯಲೇಬೇಕು. ಬೇರೆ ನಡೆಯೇ ಇಲ್ಲ. ಅಗುಳಿ ಸರಿಯಿತು. 17ನೆಯ ನಡೆಯಲ್ಲಿ ಆನೆ ರಾಜನ ಪಕ್ಕಕ್ಕೆ ಬಂದು ನಿಂತಿತು; ಅದಕ್ಕೆ ಒಂಟೆಯ ಬೆಂಬಲ. ಷಹಮಾತ್. ಕರಿಯನಿಗೆ ಮಂತ್ರಿ, ಆನೆ, ಒಂಟೆ, ಕುದುರೆ ನಾಲ್ಕೂ ಉಳಿದಿದ್ದವು. ಬಿಳಿಯನಿಗೆ, ಕಾಲಾಳುಗಳನ್ನು ಬಿಟ್ಟರೆ, ಒಂದು ಆನೆ, ಒಂದು ಒಂಟೆ.

ಇದನ್ನು ಕಂಡು ಮರುಳಾದ ನಾನು ಕಾಲೇಜಿನ ಪಂದ್ಯವೊಂದರಲ್ಲಿ ಸ್ನೇಹಿತರೆಲ್ಲ ನೋಡುತ್ತಿದ್ದಂತೆ ನನ್ನ ಮಂತ್ರಿಯನ್ನು ಠೀವಿಯಿಂದ ಕೊಟ್ಟುಬಿಟ್ಟೆ. ಎದುರಾಳಿಯ ರಾಜನಿಗೆ ಒಂದು ಮನೆ ತೆರವಾಗಿತ್ತು. ಅವನು ಅಲ್ಲಿಗೆ ಸರಿದು ನಕ್ಕ. ಸೋತದ್ದಕ್ಕಿಂತ ಆ ನಗೆಯೇ ಹೆಚ್ಚು ನೋಯಿಸಿತು. ಅಂದಿನವರೆಗೆ ಬಲಿಯನ್ನು ಧೈರ್ಯವೆಂದು ತಿಳಿದಿದ್ದೆ. ಅದು ಲೆಕ್ಕವೆಂಬುದು ಆಗ ತಿಳಿಯಿತು. ಕೊಟ್ಟ ಬೆಲೆ ದೊಡ್ಡದೆಂದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ.

ಇನ್ನೊಂದು ಮಾತು. ಸಮಸ್ಯೆಯ ಒಕ್ಕಣೆ ‘ಇಲ್ಲಿ ಗೆಲವು ಉಂಟು’ ಎಂದು ನಮ್ಮ ಕಿವಿಯಲ್ಲಿ ಮೊದಲೇ ಉಸುರಿರುತ್ತದೆ. ಮಾರ್ಫಿಗೆ ಹಾಗೆ ಹೇಳಿದವರು ಯಾರು? ಆದ್ದರಿಂದ ಈಗ ನಾನು ಒಕ್ಕಣೆಯನ್ನು ಕೈಯಿಂದ ಮುಚ್ಚಿ, ಮೊದಲು ರಾಜನಿಗಿರುವ ಮನೆಗಳನ್ನು ಒಂದೊಂದಾಗಿ ಎಣಿಸುತ್ತೇನೆ. ಮಂತ್ರಿಯ ಯೋಚನೆ ಆಮೇಲೆ.