ಕೊಟ್ಟಿಗೆಯಿಂದ ಒಲೆಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ವಾಚಕರಿಗೆ ಶಕ್ತಿಯ ಉತ್ಪಾದನೆಯು ಹೊಸ ಮಾತಲ್ಲ. ಘಟಪ್ರಭೆಯು ಸುಮಾರು ೧೭೦ ಅಡಿ ಧುಮುಕುವ ಗೋಕಾಕದ ಜಲಪಾತದಲ್ಲಿ ಸನ್ ೧೮೮೭ರಷ್ಟು ಹಿಂದೆಯೇ ನೀರಿನ ಬಲದಿಂದ ನೂಲಿನ ಗಿರಣಿಯು ತಿರುಗಹತ್ತಿತು. ಹುಕ್ಕೇರಿಯಲ್ಲಿ ಸನ್ ೧೯೬೯ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ತಾಲೂಕಿನ ಹಳ್ಳಿಗಳಿಗೆ ವಿದ್ಯುತ್ತನ್ನು ಹಂಚುತ್ತ ಬಂದಿರುವದು. ಇನ್ನು ಮೂಡಲಗಿಯ ಸುತ್ತ ಕಬ್ಬಿನ ಹೊಲಗಳೇ ಹೊಲಗಳು. ಒಂದು ಟನ್ನು ಕಬ್ಬಿನ ಕಾಕಂಬಿಯಿಂದ ಸುಮಾರು ೧೦ ಲೀಟರು, ನೇರವಾಗಿ ಕಬ್ಬಿನ ಹಾಲಿನಿಂದಲೇ ತೆಗೆದರೆ ಸುಮಾರು ೭೦ ಲೀಟರು ಎಥನಾಲು ದೊರೆಯುವದು. ಸನ್ ೨೦೨೫ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ ೨೦ನ್ನು ಮುಟ್ಟಿತು. ಕಬ್ಬಿನ ಸಿಪ್ಪೆಯಿಂದ ಕಾರಖಾನೆಗಳು ವಿದ್ಯುತ್ತನ್ನೂ ಮಾಡುವವು.

ಆದರೆ ಇದೆಲ್ಲ ಕಬ್ಬಿನ ಗಾಡಿಯು ಹೊಲವನ್ನು ದಾಟಿದ ಮೇಲಿನ ಕಥೆ. ಒಕ್ಕಲಿಗನ ಕೈಗೆ ಬರುವದು ಬಿಲ್ಲು ಮಾತ್ರ. ಅದೂ ಬಂದಾಗ ಬಂತು. ಅವನ ಮನೆಯಲ್ಲಿಯೇ ಹುಟ್ಟಿ ಅವನ ಮನೆಯಲ್ಲಿಯೇ ಉರಿಯುವ ಇಂಧನವು ಯಾವುದೆಂದರೆ, ಅದು ಕೊಟ್ಟಿಗೆಯಲ್ಲಿರುವದು.

‘ಇಂಧನ’ವೆಂಬ ಶಬ್ದವು ‘ಇಂಧ್’ ಧಾತುವಿನಿಂದ ಬಂದುದು. ಉರಿಸು, ಬೆಳಗಿಸು ಎಂದು ಅರ್ಥ. ನಮ್ಮ ತಾಯಿಯವರ ಕುಳ್ಳಿನ ಒಲೆಯಾದರೋ ಬೆಳಗಿದುದಕ್ಕಿಂತ ಹೊಗೆಯಾಡಿದುದೇ ಹೆಚ್ಚು. ಮಳೆಗಾಲದಲ್ಲಿ ಊದುಗೊಳವೆ ಹಿಡಿದು ಕುಳಿತ ಅವರ ಕೆಂಪಾದ ಕಣ್ಣುಗಳು ನಮಗೆ ಇಂದಿಗೂ ಕಾಣುವವು. ಕುಳ್ಳನ್ನು ಸುಟ್ಟರೆ ಕಣ್ಣಿಗೆ ಹೊಗೆಯಷ್ಟೇ ಅಲ್ಲ; ಹೊಲಕ್ಕೆ ಸೇರಬೇಕಾದ ಸಾರಜನಕವೂ ಗಾಳಿಯ ಪಾಲಾಗುವದು.

ಗೋಬರ ಅನಿಲದ ಬಾವಿಯು ಎರಡನ್ನೂ ಉಳಿಸುವದು. ಗಾಳಿ ಹೊಗದ ಗುಮ್ಮಟದೊಳಗೆ ಸೂಕ್ಷ್ಮಜೀವಿಗಳು ಸೆಗಣಿಯನ್ನು ಕೊಳೆಯಿಸಿ ಅನಿಲವನ್ನು ಬಿಡುವವು. ಅದರಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಮಿಥೇನು. ಸುಮಾರು ೨೫ ಕಿಲೋ ಹಸಿ ಸೆಗಣಿಗೆ ಒಂದು ಘನ ಮೀಟರು ಅನಿಲವೆಂದು ಲೆಕ್ಕ. ಐದಾರು ಜನರ ಅಡಿಗೆಗೆ ೨ ಘನ ಮೀಟರಿನ ಬಾವಿಯು ಸಾಕು. ಅದಕ್ಕೆ ದಿನಾಲು ೫೦ ಕಿಲೋ ಸೆಗಣಿ, ಅಷ್ಟೇ ನೀರು. ಅಂದರೆ ನಾಲ್ಕೈದು ದೊಡ್ಡ ದನಗಳು ಕೊಟ್ಟಿಗೆಯಲ್ಲಿರಬೇಕು. ಹೊರಬರುವ ಬಗ್ಗಡವು ಒಳ್ಳೆಯ ಗೊಬ್ಬರ.

ಹುಕ್ಕೇರಿ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ, ನಾವು ನಿವೃತ್ತರಾದ ವರ್ಷ, ‘ದೀನಬಂಧು’ ಮಾದರಿಯ ಬಾವಿಯನ್ನು ಕಟ್ಟಿಸಿದೆವು. ಸನ್ ೧೯೮೪ರಲ್ಲಿ ರೂಪುಗೊಂಡ ಈ ಮಾದರಿಯಲ್ಲಿ ಇಟ್ಟಿಗೆಯ ಗುಮ್ಮಟವು ನೆಲದೊಳಗೇ ಇರುವದರಿಂದ ತುಕ್ಕಿನ ಭಯವಿಲ್ಲ. ಮೊದಲ ತಿಂಗಳು ಉರಿಯು ನೀಲಿಯಾಗಿ ಬಂತು. ಆಮೇಲೆ ಕುಂದುತ್ತ ಹೋಗಿ ನಿಂತೇ ಬಿಟ್ಟಿತು. ಗವಂಡಿಯನ್ನು ಬೈದೆವು. ತಪ್ಪು ನಮ್ಮದೇ ಆಗಿತ್ತು. ಕೊಟ್ಟಿಗೆಯನ್ನು ಫಿನೈಲು ಹಾಕಿ ತೊಳೆದ ನೀರನ್ನೆಲ್ಲ ಬಾವಿಗೆ ಬಿಡುತ್ತಿದ್ದೆವು. ಅನಿಲವನ್ನು ಹುಟ್ಟಿಸುವ ಜೀವಿಗಳು ಅದರಿಂದ ಸತ್ತಿದ್ದವು. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ನಮಗೆ ಇದನ್ನು ನೆರೆಮನೆಯ ಮುದುಕಿಯೊಬ್ಬರು ತಿಳಿಸಿಕೊಡಬೇಕಾಯಿತು. ಅವರ ಬಾವಿಯ ಬಗ್ಗಡವನ್ನೇ ನಾಲ್ಕು ಕೊಡ ತಂದು, ಹಾಲಿಗೆ ಹೆಪ್ಪು ಹಾಕಿದಂತೆ, ನಮ್ಮದಕ್ಕೆ ಸುರಿದೆವು. ಕೆಲವು ವಾರಗಳಲ್ಲಿ ಉರಿಯು ಮರಳಿತು. ಪುಷ್ಯಮಾಸದ ಚಳಿಯಲ್ಲಿ ಮಾತ್ರ ಅನಿಲವು ಈಗಲೂ ಕಡಿಮೆ.

ನಿಜವಾದ ಚಿಂತೆಯು ಬೇರೆಯೇ ಇರುವದು. ಟ್ರ್ಯಾಕ್ಟರು ಬಂತು, ಎತ್ತುಗಳು ಹೋದವು. ಈಗ ಎಮ್ಮೆಗಳೂ ಹೋಗುತ್ತಿರುವವು. ದನವಿಲ್ಲದ ಮನೆಯ ಬಾವಿಗೆ ಮಣ್ಣೇ ಗತಿ. ನಮ್ಮ ಓಣಿಯಲ್ಲಿಯೇ ಅಂಥವು ಎರಡಿವೆ. ಮೇವು ತುಟ್ಟಿ, ಸೆಗಣಿ ಬಳಿಯುವ ಕೈಗಳಿಲ್ಲ, ಎಮ್ಮೆಗಳನ್ನು ಮಾರೋಣವೆಂದು ನಮ್ಮ ಮಗನೂ ಹೇಳುತ್ತಾನೆ. ಅವನ ಮಾತು ಸುಳ್ಳೆಂದು ಹೇಳಲಾರೆವು. “ಸಿಲಿಂಡರಿನ ಸಂಗಡ ಹೊಲಕ್ಕೆ ಗೊಬ್ಬರವನ್ನೂ ತರುವವನಿದ್ದರೆ ಮಾರು” ಎಂದು ನಮ್ಮ ಮನೆಯವರು ಉತ್ತರ ಕೊಟ್ಟರು. ಮಾತು ಅಲ್ಲಿಗೇ ನಿಂತಿರುವದು.

ಅಷ್ಟರಲ್ಲಿ ಮಗನೇ ಈ ಮಳೆಗೆ ಬದುವಿನ ಮೇಲೆ ಹೊಂಗೆಯ, ಅಂದರೆ ನಮ್ಮ ಕಡೆಯ ಹುಲಗಲದ, ಸಸಿಗಳನ್ನು ನೆಟ್ಟಿದ್ದಾನೆ. ಬೀಜದಲ್ಲಿ ನೂರಕ್ಕೆ ಸುಮಾರು ೩೦ ಭಾಗ ಎಣ್ಣೆಯಿರುವದು. ಸಂಸ್ಕರಿಸಿದರೆ ಡೀಜಲಿನೊಡನೆ ಬೆರೆಯುವದು, ಹಿಂಡಿಯು ಗೊಬ್ಬರಕ್ಕಾಗುವದು. ಕಾಯಿ ಬಿಡಲು ಇನ್ನೂ ನಾಲ್ಕೈದು ವರ್ಷ ಬೇಕು.