ಒಂದೇ ಕಾಲು, ಎರಡು ದಿಕ್ಕು

ತುಮಕೂರಿನ ಶಿರಾ ಗೇಟ್‌ನಲ್ಲಿರಲಿ, ಗುಬ್ಬಿ ಅಥವಾ ಕುಣಿಗಲ್‌ನಲ್ಲಿರಲಿ, ಮಕ್ಕಳನ್ನು ಕರಾಟೆ ಇಲ್ಲವೇ ಟೇಕ್ವಾಂಡೊ ಕ್ಲಾಸಿಗೆ ಸೇರಿಸಿದವರ ಮನೆಯಲ್ಲಿ ಬೇಗನೆ ಏಳುವ ಪ್ರಶ್ನೆಯೊಂದಿದೆ: ‘ಸ್ಪಿನ್ನಿಂಗ್ ಕಿಕ್ ಯಾವಾಗ ಹೇಳಿಕೊಡ್ತಾರೆ?’ ಸಿನಿಮಾದ ನಾಯಕ ಗಿರ್ರನೆ ತಿರುಗಿ ಒದ್ದದ್ದನ್ನು ಕಂಡ ಕಣ್ಣಿಗೆ, ಮಾಸ್ಟರ್ ದಿನವೂ ಮಾಡಿಸುವ ಟರ್ನಿಂಗ್ ಕಿಕ್ ಸಪ್ಪೆ ಎನಿಸುತ್ತದೆ. ಎರಡರಲ್ಲೂ ಮೈ ತಿರುಗುತ್ತದೆ, ನಿಜ. ಆದರೆ ಶಕ್ತಿ ಹುಟ್ಟುವ ಬಗೆ, ಹಿಡಿಯುವ ಸಮಯ, ಎದುರಾಗುವ ಅಪಾಯ ಎಲ್ಲವೂ ಬೇರೆ. ಇದನ್ನು ತಿಳಿದರೆ ಒಳ್ಳೆಯ ಮಾಸ್ಟರ್ ಏಕೆ ಅವಸರಪಡುವುದಿಲ್ಲ ಎಂಬುದೂ ತಿಳಿಯುತ್ತದೆ.

ಎಡಗಾಲು ಮುಂದೆ, ಬಲಗಾಲು ಹಿಂದೆ ಇಟ್ಟು ನಿಂತಿದ್ದೀರಿ ಎನ್ನಿ. ಟರ್ನಿಂಗ್ ಕಿಕ್‌ಗೆ ಬಲ ಮೊಣಕಾಲನ್ನು ಮಡಚಿ ಮೇಲೆತ್ತಬೇಕು. ಎಡ ಮುಂಗಾಲಿನ ಮೇಲೆ ತಿರುಗುತ್ತ ಸೊಂಟವನ್ನು ಎಡಕ್ಕೆ ಹೊರಳಿಸಿ, ಕೊನೆಗೆ ಮೊಣಕಾಲು ಬಿಚ್ಚಬೇಕು. ಪಾದದ ಮೇಲ್ಭಾಗ ಎದುರಾಳಿಯ ಎಡಪಕ್ಕೆಗೆ ಬಡಿಯುತ್ತದೆ. ಕರಾಟೆಯವರು ಮವಾಶಿ ಗೇರಿ ಎನ್ನುವುದು ಇದನ್ನೇ. ಸ್ಪಿನ್ನಿಂಗ್ ಹುಕ್ ಕಿಕ್‌ನಲ್ಲೂ ಒದೆಯುವುದು ಅದೇ ಬಲಗಾಲು, ಆದರೆ ಮೈ ತಿರುಗುವುದು ಬಲಕ್ಕೆ. ಎದುರಾಳಿಗೆ ಕ್ಷಣಕಾಲ ಬೆನ್ನು ಮಾಡಿ ಸುತ್ತು ಬಂದಾಗ ಹಿಮ್ಮಡಿ ಅವನ ಬಲಕೆನ್ನೆಯ ಕಡೆಯಿಂದ ಬೀಸಿ ಬರುತ್ತದೆ.

ಮನುಷ್ಯನ ಒಂದು ಕಾಲು ಮೈತೂಕದ ಸುಮಾರು 16 ಶೇಕಡದಷ್ಟಿರುತ್ತದೆ. 60 ಕಿಲೋ ತೂಗುವವರಿಗೆ ಅದು ಹತ್ತಿರ ಹತ್ತಿರ 10 ಕಿಲೋ. ಇಷ್ಟು ಭಾರವನ್ನು ನೆಟ್ಟಗೆ ಚಾಚಿಕೊಂಡೇ ತಿರುಗಿಸುವುದು ಕಷ್ಟ. ತಿರುಗುವ ವಸ್ತುವಿನಲ್ಲಿ ತೂಕ ಎಷ್ಟಿದೆ ಎಂಬುದರಷ್ಟೇ, ಅದು ಅಕ್ಷದಿಂದ ಎಷ್ಟು ದೂರ ಇದೆ ಎಂಬುದೂ ಮುಖ್ಯ. ದೂರ ಅರ್ಧವಾದರೆ ಅಷ್ಟೇ ತೂಕ ತಿರುಗಲು ತೋರುವ ಪ್ರತಿರೋಧ ಕಾಲುಭಾಗಕ್ಕೆ ಇಳಿಯುತ್ತದೆ. ಟರ್ನಿಂಗ್ ಕಿಕ್‌ನಲ್ಲಿ ಮೊಣಕಾಲು ಮಡಚುವುದು ಇದಕ್ಕೇ. ಮೊದಲು ಸೊಂಟ, ಆಮೇಲೆ ತೊಡೆ ವೇಗ ಹಿಡಿಯುತ್ತವೆ. ತೊಡೆ ನಿಧಾನವಾಗುವ ಹೊತ್ತಿಗೆ ಮೊಣಕಾಲು ಬಿಚ್ಚಿಕೊಂಡು, ಅದರ ವೇಗ ಕೆಳಗಾಲಿಗೂ ಪಾದಕ್ಕೂ ದಾಟುತ್ತದೆ. ದಾರಿ ಚಿಕ್ಕದು, ಕಣ್ಣು ಗುರಿಯಿಂದ ಕದಲುವುದಿಲ್ಲ, ತಪ್ಪಿದರೂ ಕಾಲನ್ನು ಬೇಗ ಹಿಂದಕ್ಕೆಳೆದುಕೊಳ್ಳಬಹುದು.

ಸ್ಪಿನ್ನಿಂಗ್ ಕಿಕ್‌ನ ಬಂಡವಾಳ ಇಡೀ ದೇಹದ ಕೋನೀಯ ಸಂವೇಗ, ಅಂದರೆ ತಿರುಗುವಿಕೆಯ ಒಟ್ಟು ದಾಸ್ತಾನು. ಅದು ನೆಲದಿಂದಲೇ ಬರಬೇಕು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಸಾಲು ಸಾಲಾಗಿ ಧೀಂಗಿಣ ಹಾಕುವ ವೇಷಧಾರಿಯೂ ಪ್ರತಿ ಸುತ್ತಿಗೂ ನೆಲವನ್ನು ತುಳಿಯಲೇಬೇಕು. ಗಾಳಿಯಲ್ಲಿರುವಾಗ ಹೊಸ ಸಂವೇಗ ಹುಟ್ಟದು. ಒದೆಯುವವರೂ ಎರಡು ಕಾಲು ನೆಲದಲ್ಲಿರುವಾಗಲೇ ನೆಲವನ್ನು ತಿರುಚಿ ಒತ್ತಿ, ತಲೆ, ಭುಜ, ಸೊಂಟವನ್ನು ಒಂದರ ಹಿಂದೆ ಒಂದಾಗಿ ತಿರುಗಿಸುತ್ತಾರೆ. ಆಮೇಲೆ ಕಾಲು ಚಾಚಿದಾಗ ಮೈಯ ಸುತ್ತು ನಿಧಾನವಾಗಿ, ಆ ಸಂವೇಗ ಕಾಲಿಗೆ ದಾಟುತ್ತದೆ. ಅಕ್ಷದಿಂದ ದೂರವಿರುವ ಭಾಗಕ್ಕೆ ವೇಗ ಹೆಚ್ಚು: ಸೆಕೆಂಡಿಗೆ ಒಂದೂವರೆ ಸುತ್ತಿನ ವೇಗದಲ್ಲಿ ತಿರುಗುವ ಕಾಲಿನ ಹಿಮ್ಮಡಿ ಅಕ್ಷದಿಂದ 90 ಸೆಂ.ಮೀ. ದೂರದಲ್ಲಿದ್ದರೆ, ಅದರ ವೇಗ ಸೆಕೆಂಡಿಗೆ ಸುಮಾರು ಎಂಟೂವರೆ ಮೀಟರ್. ಹಿಮ್ಮಡಿಯ ಮೂಳೆ ಗಟ್ಟಿ, ತಾಗುವ ಜಾಗ ಚಿಕ್ಕದು. ಹಾಗಾಗಿ ಒತ್ತಡ ಹೆಚ್ಚು. 2012ರ ಜನವರಿಯಲ್ಲಿ ರಿಯೊ ಡಿ ಜನೈರೊದಲ್ಲಿ ನಡೆದ ಯುಎಫ್‌ಸಿ ಪಂದ್ಯದಲ್ಲಿ ಬ್ರೆಜಿಲ್‌ನ ಎಡ್ಸನ್ ಬಾರ್ಬೊಜಾ ಇಂಥದೇ ಒಂದು ಒದೆತದಿಂದ ಟೆರ್ರಿ ಎಟಿಮ್‌ನನ್ನು ಕೆಡವಿ ಗೆದ್ದರು.

ಈ ಬಲಕ್ಕೆ ತೆರಬೇಕಾದ ಬೆಲೆಯೂ ಇದೆ. ಕಂಡದ್ದಕ್ಕೆ ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಸಾಕು. ಸುತ್ತುವ ದಾರಿ ಉದ್ದವಾದ್ದರಿಂದ ಎಚ್ಚರದ ಎದುರಾಳಿ ಅಷ್ಟರಲ್ಲಿ ಹಿಂದೆ ಸರಿಯಬಹುದು, ಇಲ್ಲವೇ ತಾನೇ ಒದೆಯಬಹುದು. ನಡುವೆ ಗುರಿ ಕಣ್ಣಿಗೆ ಬೀಳದ ಒಂದು ಗಳಿಗೆ ಇದ್ದೇ ಇದೆ. ಒಳಕಿವಿಯ ಅರೆವೃತ್ತ ನಾಳಗಳ ದ್ರವವೂ ಸುತ್ತಿನಿಂದ ಕದಡಿ ಸಮತೋಲನ ಕೆಡಿಸಬಹುದು. ‘ಮೊದಲು ತಲೆ ತಿರುಗಿಸಿ, ಭುಜದ ಮೇಲಿಂದ ನೋಡು’ ಎಂದು ಮಾಸ್ಟರ್ ಕೂಗುವುದು ಈ ಕುರುಡು ಗಳಿಗೆಯನ್ನು ಕಿರಿದಾಗಿಸಲೆಂದೇ. ಟೇಕ್ವಾಂಡೊ ನಿಯಮವೂ ಈ ಕಷ್ಟಕ್ಕೆ ಬೆಲೆ ಕೊಟ್ಟಿದೆ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೈಗೆ ಬಿದ್ದ ಸಾಮಾನ್ಯ ಒದೆತಕ್ಕೆ 2, ತಲೆಗೆ ಬಿದ್ದದ್ದಕ್ಕೆ 3 ಅಂಕ, ಬೆನ್ನು ತಿರುಗಿಸಿ ಸುತ್ತು ಬಂದು ಒದ್ದರೆ ಕ್ರಮವಾಗಿ 4 ಮತ್ತು 5.

ಎರಡು ಒದೆತಗಳಿಗೂ ಸಮಾನವಾದ ಅಪಾಯ ನೆಲದಲ್ಲಿ ನಿಂತ ಕಾಲಿನದು. ಸೊಂಟ ತಿರುಗಿ ಪಾದ ಮಾತ್ರ ನೆಲಕ್ಕೆ ಅಂಟಿಕೊಂಡರೆ, ಆ ತಿರುಚು ಮೊಣಕಾಲಿಗೆ ಬೀಳುತ್ತದೆ. ಮೊಣಕಾಲು ಮಡಚಿ ಬಿಚ್ಚಲು ಆದ ಕೀಲು. ತಿರುಚು ಅದಕ್ಕೆ ಒಗ್ಗದು. ಅದರೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಕ್ರೀಡಾಪಟು ತಿಂಗಳುಗಟ್ಟಲೆ ಅಂಗಳದಿಂದ ಹೊರಗುಳಿಯಬೇಕಾಗುತ್ತದೆ. ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ಹೊರಳುವ ಅಭ್ಯಾಸವನ್ನು ಟರ್ನಿಂಗ್ ಕಿಕ್ ನಿಧಾನವಾಗಿ, ಸುರಕ್ಷಿತವಾಗಿ ಕಲಿಸುತ್ತದೆ.

ಆದ್ದರಿಂದ ಮಗುವಿನ ಕ್ಲಾಸ್ ನೋಡಲು ಹೋದಾಗ ಕಾಲು ಎಷ್ಟು ಎತ್ತರ ಹೋಯಿತು ಎಂದು ಅಳೆಯಬೇಡಿ. ನಿಂತ ಪಾದ ಸೊಂಟದೊಂದಿಗೆ ತಿರುಗುತ್ತಿದೆಯೇ, ಒದ್ದ ಮೇಲೆ ಮಗು ಎಡವದೆ ನಿಲ್ಲುತ್ತಿದೆಯೇ, ನೆಲದಲ್ಲಿ ಮ್ಯಾಟ್ ಇದೆಯೇ, ತಲೆಗೆ ಹೆಲ್ಮೆಟ್ ಇದೆಯೇ ನೋಡಿ. ಇಷ್ಟು ಸರಿಯಿದ್ದರೆ ಸ್ಪಿನ್ನಿಂಗ್ ಕಿಕ್ ಕಲಿಯುವ ಕಾಲ ತಾನಾಗಿ ಬರುತ್ತದೆ. ಆಗ ಅದನ್ನು ಕಲಿಯುವ ಮೊಣಕಾಲೂ ಗಟ್ಟಿಯಾಗಿರುತ್ತದೆ.