ಕಾಫಿಯ ಮೇಜಿನ ಮುಂದೊಂದು ಸತ್ಯಾಗ್ರಹ

ಹಸಿದು ಬಂದವನಿಗೆ ಅನ್ನವಿಕ್ಕುವುದು ಧರ್ಮವೆಂದು ನಮ್ಮ ಹಿರಿಯರು ಸಾರಿದ್ದಾರೆ. ಹೋಟೆಲಿನ ಧರ್ಮವು ಅದಕ್ಕಿಂತಲೂ ಸರಳವಾದುದು: ಹಣ ತೆತ್ತವನಿಗೆ ತಿಂಡಿ ಕೊಡತಕ್ಕದ್ದು. ಇಷ್ಟು ಸಣ್ಣ ನ್ಯಾಯಕ್ಕಾಗಿ ಅಮೆರಿಕಾ ದೇಶದಲ್ಲಿ ಸಾವಿರಾರು ತರುಣರು ಬಂಧನಕ್ಕೊಳಗಾಗಬೇಕಾಯಿತೆಂಬುದನ್ನು ನಾವು ಮರೆಯಲಾಗದು.

ಉತ್ತರ ಕೆರೊಲಿನಾ ಸಂಸ್ಥಾನದ ಗ್ರೀನ್ಸ್‌ಬರೋ ಪಟ್ಟಣದಲ್ಲಿ ವುಲ್‌ವರ್ತ್ ಎಂಬ ದೊಡ್ಡ ಅಂಗಡಿಯಿತ್ತು. ಕಪ್ಪು ಜನಾಂಗದವರು ಅಲ್ಲಿ ಬೇಕಾದ ಸಾಮಾನನ್ನು ಕೊಳ್ಳಬಹುದಾಗಿತ್ತು. ಆದರೆ ಅದೇ ಅಂಗಡಿಯ ಉಪಾಹಾರದ ಮೇಜಿನ ಮುಂದೆ ಕುಳಿತುಕೊಳ್ಳುವ ಹಕ್ಕು ಬಿಳಿಯರಿಗೆ ಮಾತ್ರ ಮೀಸಲಾಗಿತ್ತು. 1960ನೆಯ ಇಸವಿ ಫೆಬ್ರವರಿ 1ರಂದು ಕಪ್ಪು ಜನಾಂಗದ ನಾಲ್ವರು ಕಾಲೇಜು ವಿದ್ಯಾರ್ಥಿಗಳು ಅಲ್ಲಿಗೆ ಹೋದರು. ಮೊದಲು ಚಿಕ್ಕಪುಟ್ಟ ಸಾಮಾನು ಕೊಂಡು ರಶೀದಿ ಪಡೆದರು. ಬಳಿಕ ಉಪಾಹಾರದ ಮೇಜಿನ ಮುಂದೆ ಕುಳಿತು ಕಾಫಿ ಕೇಳಿದರು. ಕಾಫಿ ದೊರೆಯಲಿಲ್ಲ. ಅವರೂ ಏಳಲಿಲ್ಲ, ಅಂಗಡಿ ಮುಚ್ಚುವವರೆಗೆ ಸುಮ್ಮನೆ ಕುಳಿತಿದ್ದರು.

ಮರುದಿನ ಇನ್ನಷ್ಟು ವಿದ್ಯಾರ್ಥಿಗಳು ಬಂದರು. ವಾರ ಕಳೆಯುವುದರೊಳಗೆ ಅವರ ಸಂಖ್ಯೆ 300ನ್ನು ಮೀರಿತು. ಮಾರ್ಚ್ ತಿಂಗಳ ಕೊನೆಯ ವೇಳೆಗೆ ಚಳವಳಿಯು 13 ಸಂಸ್ಥಾನಗಳ 55 ನಗರಗಳಿಗೆ ಹಬ್ಬಿತು.

ಈ ಹೋರಾಟಕ್ಕೂ ನಮ್ಮ ದೇಶಕ್ಕೂ ನಂಟುಂಟು. ಜೇಮ್ಸ್ ಲಾಸನ್ ಎಂಬ ಪಾದ್ರಿಯು 1953ರಿಂದ ಮೂರು ವರ್ಷ ನಾಗಪುರದಲ್ಲಿದ್ದು ಗಾಂಧೀಜಿಯವರ ಸತ್ಯಾಗ್ರಹ ಮಾರ್ಗವನ್ನು ಅಭ್ಯಾಸ ಮಾಡಿದ್ದರು. ಸ್ವದೇಶಕ್ಕೆ ಮರಳಿದ ಮೇಲೆ ನ್ಯಾಶ್‌ವಿಲ್ ನಗರದ ವಿದ್ಯಾರ್ಥಿಗಳಿಗೆ, ಬೈದರೂ ಹೊಡೆದರೂ ಕೈಯೆತ್ತದೆ ಕುಳಿತಿರುವ ಶಿಕ್ಷಣವನ್ನು ಕೊಟ್ಟರು. ಅಲ್ಲಿ ಪೊಲೀಸರು ಹೊಡೆದವರನ್ನು ಬಿಟ್ಟು ಹೊಡೆಸಿಕೊಂಡವರನ್ನೇ ಸೆರೆಹಿಡಿದರು. ಆದರೂ 1960ರ ಮೇ 10ರಂದು ಆ ನಗರದ ಉಪಾಹಾರದ ಮೇಜುಗಳು ಎಲ್ಲರಿಗೂ ತೆರೆದವು.

ಗ್ರೀನ್ಸ್‌ಬರೋದಲ್ಲಿ ಗಿರಾಕಿಗಳು ಕಡಿಮೆಯಾಗಿ, ನಷ್ಟ ತಾಳಲಾರದೆ, ಅಂಗಡಿಯವರು ಜುಲೈ 25ರಂದು ಹಟವನ್ನು ಬಿಟ್ಟರು. ಅಂದು ಮೊದಲು ಆ ಮೇಜಿನ ಮುಂದೆ ಕುಳಿತವರು ಯಾರು? ಅದೇ ಅಂಗಡಿಯಲ್ಲಿ ದುಡಿಯುತ್ತಿದ್ದ ಕಪ್ಪು ಜನಾಂಗದ ನಾಲ್ವರು ಕೆಲಸಗಾರರು! ತಾವೇ ದುಡಿಯುತ್ತಿದ್ದ ಅಂಗಡಿಯಲ್ಲಿ ಗಿರಾಕಿಯಾಗಿ ಕುಳಿತು ಉಣ್ಣುವ ಯೋಗ ಅವರಿಗೆ ಅಂದು ಒದಗಿತು. ಗಲ್ಲೆಯ ಮೇಲೆ ಹಲವು ವರ್ಷ ಕುಳಿತವನಾದ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮನ ಮುಟ್ಟಿದ ಸಂಗತಿಯಿದು. 1964ರ ಜುಲೈ 2ರಂದು ಇಂತಹ ಭೇದವನ್ನು ಅಮೆರಿಕಾದ ಕಾನೂನೇ ನಿಷೇಧಿಸಿತು.

ಪಂಕ್ತಿಭೇದವು ನಮಗೇನೂ ಹೊಸತಲ್ಲ. ಜಾತಿಗೊಂದು ಕೋಣೆ, ಜಾತಿಗೊಂದು ಲೋಟ ಇಟ್ಟ ಹೋಟೆಲುಗಳು ನಮ್ಮ ನಾಡಿನಲ್ಲಿಯೂ ಇದ್ದವು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯು ಹೋಟೆಲಿನ ಬಾಗಿಲನ್ನು ಸರ್ವರಿಗೂ ತೆರೆಯಿತು. ಆದರೆ ಕಾನೂನು ಬಾಗಿಲವರೆಗೆ ಮಾತ್ರ ಬರಬಲ್ಲುದು. ಒಳಗೆ ಬಂದವನನ್ನು ಆದರದಿಂದ ಕುಳ್ಳಿರಿಸುವ ಕೆಲಸ ನಮ್ಮದು. ಪರಸ್ಥಳಕ್ಕೆ ಬಂದು ಅನ್ಯರ ಊರಿನಲ್ಲಿ ಅನ್ನ ಕಂಡುಕೊಂಡ ನಾವು, ಬಡಿಸುವವನಿಗೂ ಉಣ್ಣುವವನಿಗೂ ಮರ್ಯಾದೆ ಒಂದೇ ಎಂಬುದನ್ನು ಇತರರಿಗಿಂತ ಮೊದಲು ಅರಿಯಬೇಕು.